ಎಲೆ ತೊಳೆಯುವ ಹೊತ್ತು

ಗುಲಾಬಿ ಗಿಡಗಳ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಉದುರಿದ ಎಲೆ ಆಯುವುದು ಮಾರೇಶನ ದಿನದ ಮೊದಲ ಕೆಲಸ. ಹಳದಿ ತಿರುಗಿದ ಎಲೆ, ಅದರ ಮೇಲೆ ಮಸಿ ಸಿಡಿಸಿದಂಥ ಕಪ್ಪು ಚುಕ್ಕೆ. ಒಂದೊಂದನ್ನೇ ಎತ್ತಿ ಸಿಮೆಂಟಿನ ಖಾಲಿ ಚೀಲಕ್ಕೆ ತುಂಬಬೇಕು. ನೆಲದ ಮೇಲೆ ಬಿಟ್ಟರೆ ಮಳೆಹನಿ ಸಿಡಿದು ಅದೇ ರೋಗ ಮತ್ತೆ ಮೇಲಿನ ಎಲೆಗೆ ಹತ್ತುತ್ತದೆ. ಹೋದ ವರ್ಷ ಅಲ್ಲಲ್ಲಿ ಕಂಡಿದ್ದ ರೋಗ ಈ ಮಳೆಗಾಲಕ್ಕೆ ತೋಟವೆಲ್ಲ ಹಬ್ಬಿತ್ತು. ಜುಲೈಯಲ್ಲಿ ದಿನಕ್ಕೊಂದು ಹಿಡಿ ಎಲೆ ಸಿಗುತ್ತಿತ್ತು. ಸೆಪ್ಟೆಂಬರ್ ಬಂದಾಗ ಮಧ್ಯಾಹ್ನದೊಳಗೆ ಚೀಲದ ಅರ್ಧ ತುಂಬತೊಡಗಿತು. ಒಟ್ಟು ನಲವತ್ತೊಂದು ಗಿಡ. ಅದರಲ್ಲಿ ಇಪ್ಪತ್ತಾರು ಬರೀ ಮುಳ್ಳಿನ ಕಡ್ಡಿಗಳಾಗಿ ನಿಂತಿದ್ದವು.

ಹೊರಗಿನವರಿಗೆ ಸಿರುಗುಪ್ಪವೆಂದರೆ ಬಿಸಿಲು ಅಷ್ಟೇ. ಕಾಲುವೆಗೆ ನೀರು ಬಿಟ್ಟ ಮೇಲಿನ ನಾಲ್ಕು ತಿಂಗಳು ಇಲ್ಲಿ ಇದ್ದು ನೋಡಿದವರಿಗೆ ಗೊತ್ತು: ಊರಿನ ಸುತ್ತ ಕಣ್ಣು ಹರಿಯುವವರೆಗೂ ಭತ್ತದ ಗದ್ದೆ, ಗದ್ದೆಯ ತುಂಬ ನಿಂತ ನೀರು. ಒಗೆದು ಹಾಕಿದ ಪಂಚೆ ಮರುದಿನಕ್ಕೂ ಥಂಡಿ ಬಿಡುವುದಿಲ್ಲ. ಮಾರೇಶ ಕೆಲಸ ಮಾಡುವ ಮನೆ ಊರಂಚಿನ ಹೊಸ ಬಡಾವಣೆಯ ಕೊನೆಯ ಸಾಲಿನಲ್ಲಿತ್ತು. ಅದರ ಹಿಂದಿನ ಕಾಂಪೌಂಡಿಗೆ ಹೊಂದಿಕೊಂಡೇ ಗದ್ದೆ ಶುರುವಾಗುತ್ತಿತ್ತು.

ಮನೆ ಚನ್ನಬಸಮ್ಮನವರದು. ಬಳ್ಳಾರಿಯ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಮಗಳು ಮೀನಾಕ್ಷಿಗೆ ಸಿರುಗುಪ್ಪದ ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸ ಸಿಕ್ಕಾಗ, ಎರಡು ವರ್ಷದ ಹಿಂದೆ, ತಾಯಿ ತಮ್ಮ ಗುಲಾಬಿಗಳನ್ನೆಲ್ಲ ಲಾರಿಗೆ ಹೇರಿಸಿಕೊಂಡು ಜೊತೆಗೆ ಬಂದಿದ್ದರು. ಬಳ್ಳಾರಿಯಲ್ಲಿ ಇಪ್ಪತ್ತೆಂಟು ವರ್ಷ ಒಂದು ಹನಿ ಔಷಧಿ ಹೊಡೆಸದೆ ಈ ಗಿಡಗಳನ್ನು ಬೆಳೆಸಿದ್ದೇನೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅದು ಸುಳ್ಳಲ್ಲ. ಎಸಳು ಬಿಡಿಸಿ ಸಕ್ಕರೆಯ ಜೊತೆ ಜಾಡಿಗೆ ತುಂಬಿ ಬಿಸಿಲಿಗಿಟ್ಟು ಮನೆಯಲ್ಲೇ ಗುಲ್ಕಂದ ಮಾಡುವವರಿಗೆ ಔಷಧಿಯ ಹೂವು ಬೇಕಿರಲಿಲ್ಲ.

ಮಾರೇಶನಿಗೂ ಬೇಕಿರಲಿಲ್ಲ. ಹದಿನಾರು ವರ್ಷ ಅವನು ಕರೂರು, ರಾರಾವಿಯ ಗದ್ದೆಗಳಲ್ಲಿ ಎಣ್ಣೆ ಹೊಡೆಯುವ ಕೂಲಿಯಾಗಿದ್ದ. ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆ ಈ ಕಡೆ ಹಾಗೇ ಅನ್ನುತ್ತಾರೆ. ಬೆನ್ನಿಗೆ ಪಂಪು ಕಟ್ಟಿಕೊಂಡು, ಮೂಗಿಗೆ ಟವೆಲ್ಲು ಸುತ್ತಿಕೊಂಡು, ಮೊಣಕಾಲುದ್ದದ ನೀರಿನಲ್ಲಿ ದಿನಕ್ಕೆ ಎಂಟು ಎಕರೆ. ಮೂರು ವರ್ಷದ ಹಿಂದಿನ ಅಕ್ಟೋಬರಿನಲ್ಲಿ ಗಾಳಿ ತಿರುಗಿದ್ದು ಗೊತ್ತಾಗದೆ ಮುಂದೆ ಮುಂದೆ ಹೋಗಿ ಬದುವಿನ ಮೇಲೆ ಬಿದ್ದ. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಸಿರುಗುಪ್ಪದ ಆಸ್ಪತ್ರೆಯಿಂದ ಬಳ್ಳಾರಿಗೆ ಒಯ್ದರು. ಒಂಬತ್ತು ದಿನ ಮಲಗಿ ಎದ್ದು ಬಂದ. ಅಲ್ಲಿಂದ ಈಚೆಗೆ ಬೆರಳು ಸಣ್ಣಗೆ ನಡುಗುತ್ತವೆ. ಯಾವ ಡಬ್ಬಿಯ ವಾಸನೆ ಬಂದರೂ ತಲೆ ತಿರುಗಿ ವಾಂತಿಯಾಗುತ್ತದೆ. ಇನ್ನೊಮ್ಮೆ ಹೀಗಾದರೆ ತಮ್ಮ ಹತ್ತಿರ ಕರೆತಂದು ಉಪಯೋಗವಿಲ್ಲ ಎಂದು ಡಾಕ್ಟರು ಹೆಂಡತಿ ಪಂಪಾವತಿಗೆ ಹೇಳಿ ಕಳಿಸಿದ್ದರು.

ಭತ್ತದ ಸೀಮೆಯಲ್ಲಿ ಎಣ್ಣೆಯ ವಾಸನೆ ಇಲ್ಲದ ಕೂಲಿ ಹುಡುಕುವುದು ಸುಲಭದ ಮಾತಲ್ಲ. ಎರಡು ವರ್ಷ ಮನೆಯಲ್ಲೇ ಕೂತು, ಹಂದರದ ನೆರಳು ನೋಡುತ್ತ ಕಳೆದ ಮೇಲೆ ಸಿಕ್ಕಿದ್ದು ಈ ತೋಟ. ಕೆಲಸಕ್ಕೆ ಸೇರುವ ದಿನ ಅವನು ಒಂದೇ ಷರತ್ತು ಹಾಕಿದ್ದ: ಎಣ್ಣೆ ಹೊಡೆಯುವ ತೋಟವಾದರೆ ತಾನು ಬರುವುದಿಲ್ಲ. ಚನ್ನಬಸಮ್ಮ ನಕ್ಕು, ಎಣ್ಣೆ ಹೊಡೆಯುವವನಾದರೆ ತಾವೇ ಅವನನ್ನು ಇಟ್ಟುಕೊಳ್ಳುವುದಿಲ್ಲ ಎಂದಿದ್ದರು. ಆ ಮಾತಿಗೆ ಹದಿನಾಲ್ಕು ತಿಂಗಳಾಗಿತ್ತು.

ಈಗ ಗಿಡ ಸಾಯುತ್ತಿದ್ದವು. ಅವನು ಕೇಳಿ ತಿಳಿದ ಮದ್ದನ್ನೆಲ್ಲ ಮಾಡಿದ. ಹುಳಿಮಜ್ಜಿಗೆಗೆ ಹತ್ತು ಪಾಲು ನೀರು ಬೆರೆಸಿ ಎಲೆಗೆ ಎರಚಿದ. ಅಡುಗೆ ಸೋಡಾ ಕದಡಿ ಎರಚಿದ. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಎಲೆಯ ಕೆಳಮೈಗೆಲ್ಲ ಬಟ್ಟೆಯಿಂದ ಸವರಿದ. ವಾರಕ್ಕೆರಡು ಸಲ, ಎರಡು ತಿಂಗಳು. ಮಜ್ಜಿಗೆಯ ವಾಸನೆಗೆ ಓಣಿಯ ಬೆಕ್ಕುಗಳು ಬಂದವೇ ಹೊರತು ಚುಕ್ಕೆ ನಿಲ್ಲಲಿಲ್ಲ.

ಸೆಪ್ಟೆಂಬರ್ ಎರಡನೇ ವಾರದಲ್ಲಿ ಮೀನಾಕ್ಷಿ ಅವನನ್ನು ಪಡಸಾಲೆಗೆ ಕರೆದಳು. ಅವಳು ಯಾರ ಮೇಲೂ ದನಿ ಏರಿಸುವವಳಲ್ಲ. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ, ಒಂದು ಗಿಡ ಒಣಗಿದ ದಿನ ಯಾರ ಜೊತೆಗೂ ಮಾತಿಲ್ಲ, ತಾನಿದನ್ನು ನೋಡುತ್ತ ಕೂಡಲಾರೆ ಎಂದಳು. ಗೊಬ್ಬರದಂಗಡಿಯಲ್ಲಿ ವಿಚಾರಿಸಿದ್ದಾಳೆ, ಶಿಲೀಂಧ್ರದ ಔಷಧಿ ಹತ್ತು ದಿನಕ್ಕೊಮ್ಮೆ ನಾಲ್ಕು ಸಲ ಹೊಡೆದರೆ ಗಿಡ ಚೇತರಿಸಿಕೊಳ್ಳುತ್ತವಂತೆ. ಅಮ್ಮನನ್ನು ಹೇಗೋ ಒಪ್ಪಿಸುತ್ತಾಳಂತೆ.

“ನೀವು ಹೊಡೀಬ್ಯಾಡ್ರಿ ಮಾರೇಶಣ್ಣ. ಬ್ಯಾರೆಯವರನ್ನ ಕರಸ್ತೀನಿ. ಹೊಡೆದ ಮ್ಯಾಲೆ ಎರಡು ದಿನ ನೀವು ಬರಬ್ಯಾಡ್ರಿ. ಆಗಂಗಿಲ್ಲೇನು?”

ಎರಡು ದಿನದಲ್ಲಿ ಹೋಗುವ ವಾಸನೆಯಲ್ಲ ಅದು ಎಂದು ಅವಳಿಗೆ ತಿಳಿಸುವುದು ಹೇಗೆ? ಅದೇ ಎಲೆ ಕೈಯಲ್ಲಿ ಆಯಬೇಕು, ಅದೇ ಕಡ್ಡಿ ಸವರಬೇಕು, ಬೆವರಿದ ಮುಖವನ್ನು ಅದೇ ಕೈಯಲ್ಲಿ ಒರೆಸಿಕೊಳ್ಳಬೇಕು.

“ಇಲ್ರಿ ಅಕ್ಕಾರ. ಎಣ್ಣಿ ಬಂದ್ರ ನಾ ಬರಾಕ ಆಗಂಗಿಲ್ಲ.”

ಮೀನಾಕ್ಷಿ ಕ್ಯಾಲೆಂಡರಿನತ್ತ ನೋಡಿದಳು. ಆಮೇಲೆ ಒಂದು ತಿಂಗಳ ಗಡುವು ಕೊಟ್ಟಳು. ಅಕ್ಟೋಬರ್ ಎರಡನೇ ಸೋಮವಾರ ತಾನೇ ನಿಂತು ನೋಡುತ್ತಾಳೆ. ಹೊಸ ಎಲೆ ಶುದ್ಧವಾಗಿದ್ದರೆ ಸರಿ, ಇಲ್ಲವಾದರೆ ಅವತ್ತೇ ಪಂಪು ಬರುತ್ತದೆ.

ಪಂಪು ಹೊತ್ತು ಬರುವವನು ಯಾರೆಂಬುದು ಆ ಸಂಜೆ ಊರಿಗೆ ಮರಳುವ ಕರೂರಿನ ಬಸ್ಸಿನಲ್ಲೇ ಗೊತ್ತಾಯಿತು. ಓಬಣ್ಣ, ಮಾರೇಶನ ಓಣಿಯವನೇ. ಹದಿನಾರು ವರ್ಷವೂ ಇಬ್ಬರೂ ಅಕ್ಕಪಕ್ಕದ ಸಾಲು ಹಿಡಿದು ಹೊಡೆದವರು. ಗೊಬ್ಬರದಂಗಡಿಯವನು ಅವನಿಗೇ ಹೇಳಿದ್ದ. ಓಬಣ್ಣ ಜಾಗ ಸರಿಸಿ ಪಕ್ಕದಲ್ಲಿ ಕೂರಿಸಿಕೊಂಡ.

“ಲೇ ಮಾರೇಶ, ಹೂವಿನ ಕುಂಡಕ್ಕ ಎಣ್ಣಿ ಹೊಡ್ಯಾಕ ಕರೂರಿನಿಂದ ಆಳು ಬೇಕಾತೇನಲೇ? ಬೆಳೆಗಿಂತ ನಿಮ್ಮಮ್ಮಾರ ಹೂವಿಗೇ ಉಪಚಾರ ಜಾಸ್ತಿ ಆತು.”

ಓಬಣ್ಣ ದನಿ ತಗ್ಗಿಸಿದ. ತಾನು ಬರದಿದ್ದರೆ ಇನ್ನೊಬ್ಬ ಬರುತ್ತಾನೆ, ಸಿಟ್ಟಾಗಬೇಡ ಎಂದ. ಅಲ್ಲದೆ ಇದು ಅವನನ್ನು ಕೆಡವಿದ ಎಣ್ಣೆಯೇ ಅಲ್ಲ.

“ನೀ ಬಿದ್ದಿದ್ದು ಹುಳದ ಎಣ್ಣಿಗೆ. ಇದು ಬೂಷ್ಟಿಂದು. ಡಬ್ಬಿನ ಬ್ಯಾರೆ.”

“ಡಬ್ಬಿ ಬ್ಯಾರೆ ಅಂತ ನನ್ನ ಮೂಗಿಗೆ ತಿಳಿಸಿ ಹೇಳು.”

ಓಬಣ್ಣ ನಕ್ಕ.

ವಾರದ ನಂತರ ಒಂದು ಶುಕ್ರವಾರ, ಬೆಳಗಿನ ಬಸ್ಸು ಕೆಟ್ಟಿದೆ ಎಂದು ಹಿಂದಿನ ಸಂಜೆಯೇ ಸುದ್ದಿ ಇತ್ತು. ಮಾರೇಶ ಹಾಲಿನ ಗಾಡಿ ಹತ್ತಿ ಬಂದ. ಅವನು ಯಾವತ್ತೂ ಕೆಲಸಕ್ಕೆ ತಲುಪುತ್ತಿದ್ದದ್ದು ಒಂಬತ್ತೂವರೆಗೆ. ಅವತ್ತು ಆರೂಕಾಲಿಗೇ ಗೇಟಿನೊಳಗೆ ಇದ್ದ. ಮನೆಯವರಿನ್ನೂ ಎದ್ದಂತಿರಲಿಲ್ಲ. ಚೀಲ ಬಿಡಿಸಿ ಮೊದಲ ಸಾಲಿನ ಮುಂದೆ ಕೂತು ಎಲೆಗೆ ಕೈ ಹಾಕಿದವನು ಕೈ ಹಿಂದಕ್ಕೆ ತೆಗೆದ. ಬೆರಳು ಒದ್ದೆಯಾಗಿತ್ತು.

ಎಲೆಯ ತುದಿಯಲ್ಲೆಲ್ಲ ನೀರು. ನಾಲ್ಕು ದಿನದಿಂದ ಮಳೆ ಬಿದ್ದಿರಲಿಲ್ಲ. ಇಬ್ಬನಿ ಇರಬಹುದೆಂದು ಎದ್ದು ಹೋಗಿ ಪಕ್ಕದ ದಾಸವಾಳ ಮುಟ್ಟಿ ನೋಡಿದ. ಅಲ್ಲಿಯೂ ತೇವವಿತ್ತು, ಆದರೆ ಕನ್ನಡಿಯ ಮೇಲೆ ಉಸಿರು ಬಿಟ್ಟಷ್ಟು ಮಾತ್ರ. ಗುಲಾಬಿಯ ಎಲೆಗಳಲ್ಲಿ ಹನಿ ತೂಗುತ್ತಿತ್ತು. ಕೆಳಗಿನ ನೆಲವೂ ಎಲೆಗಳಿಂದ ತೊಟ್ಟಿಕ್ಕಿದ ಜಾಗದಲ್ಲಷ್ಟೇ ಹಸಿ. ನೀರು ಬೇಕಾದ ಬುಡ ಒಣಗಿತ್ತು. ಹಿತ್ತಲಿನ ನಲ್ಲಿಯ ಹತ್ತಿರ ಪೈಪು ಸುರುಳಿ ಸುತ್ತಿ ಇಟ್ಟಿತ್ತು. ಅದರ ಬಾಯಿಗೆ ಸಣ್ಣ ತೂತುಗಳ ಹಿತ್ತಾಳೆಯ ಮೂತಿ. ಅದರೊಳಗೂ ನೀರು ನಿಂತಿತ್ತು.

ಅವನು ಗಿಡಗಳ ಮುಂದೆಯೇ ಕೂತ. ಏಳಾಯಿತು, ಎಂಟಾಯಿತು. ಬಿಸಿಲು ಕಾಂಪೌಂಡು ದಾಟಿ ಗಿಡದ ಮೇಲೆ ಬಿದ್ದು ಎಲೆ ಪೂರ್ತಿ ಒಣಗುವಾಗ ಒಂಬತ್ತು ದಾಟಿತ್ತು. ತಾನು ದಿನವೂ ಬರುವ ಹೊತ್ತಿಗೆ ಏನೂ ಕಾಣದಿದ್ದದ್ದು ಇದಕ್ಕೇ.

ಇದು ಭತ್ತದಲ್ಲಿ ಅವನಿಗೆ ಗೊತ್ತಿದ್ದ ಸಂಗತಿ. ಬೆಂಕಿರೋಗ ಮೊದಲು ಕಾಣಿಸಿಕೊಳ್ಳುವುದು ಗದ್ದೆಯ ನಡುವೆ ಅಲ್ಲ, ಮರದ ನೆರಳು ಬಿದ್ದು ಹತ್ತು ಗಂಟೆಯವರೆಗೂ ಇಬ್ಬನಿ ಆರದ ಮೂಲೆಯಲ್ಲಿ. ರಾತ್ರಿಯೆಲ್ಲ ಒದ್ದೆಯಾಗಿದ್ದ ಎಲೆಗೇ ರೋಗ ಇಳಿಯುವುದು. ಯಾರೋ ಸಂಜೆ ಈ ಎಲೆಗಳನ್ನು ತೊಳೆಯುತ್ತಿದ್ದಾರೆ. ಗದ್ದೆಯ ಥಂಡಿಗಾಳಿಯಲ್ಲಿ ಅವು ಬೆಳಗಿನವರೆಗೆ ಆರುವುದಿಲ್ಲ. ಅವನು ಬೆಳಿಗ್ಗೆ ಎರಚಿದ ಮಜ್ಜಿಗೆಯೂ, ಬೇವಿನೆಣ್ಣೆಯೂ ಸಂಜೆಯ ನೀರಿಗೆ ಮಣ್ಣುಪಾಲಾಗಿದ್ದವು.

ಯಾರೋ ಏನು, ಚನ್ನಬಸಮ್ಮನವರೇ. ಮೀನಾಕ್ಷಿ ಪೈಪು ಮುಟ್ಟುವವಳಲ್ಲ. ಅವನು ನಾಲ್ಕಕ್ಕೆ ಗೇಟು ಹಾಕಿಕೊಂಡು ಹೋದ ಮೇಲೆ ಅವರು ದಿನವೂ ನಲವತ್ತೊಂದು ಗಿಡಗಳನ್ನು ತೊಳೆಯುತ್ತಾರೆ.

ಯಾಕೆ ಎಂಬುದಕ್ಕೆ ಉತ್ತರ ಹುಡುಕುತ್ತ ಅವನು ಬಹಳ ದೂರ ಹೋಗಲಿಲ್ಲ. ದಿನವಿಡೀ ಅವನು ಮಾಡುವುದು ಆ ಗಿಡಗಳ ಒಂದೊಂದು ಎಲೆಯನ್ನೂ ಮುಟ್ಟುವ ಕೆಲಸ. ಅವನ ಚಹಾದ ಲೋಟ ಅಡುಗೆಮನೆಯ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಬೇರೆಯೇ ಇರುತ್ತದೆ. ಕೆಲಸಕ್ಕೆ ಸೇರಿದ ಎರಡನೇ ದಿನ ಅದನ್ನು ನೋಡಿದ್ದ. ಮೂರನೇ ದಿನದಿಂದ ನೋಡುವುದು ಬಿಟ್ಟಿದ್ದ. ಚಿಕ್ಕವನಿದ್ದಾಗ ಅವ್ವ ಕಣದಲ್ಲಿ ತೂರಿ ರಾಶಿ ಮಾಡಿದ ಜೋಳದ ಮೇಲೆ, ಒಳಗೆ ಒಯ್ಯುವ ಮೊದಲು ಹೊಲದೊಡೆಯರ ಮನೆಯವರು ಶುದ್ಧಿಗೆಂದು ನೀರು ಚಿಮುಕಿಸುತ್ತಿದ್ದದ್ದು ಅವನ ಕಣ್ಣಲ್ಲಿದೆ. ಈಗ ಅವನ ಮನೆಯ ಗೋಡೆಯ ಮೇಲೆ ಬುದ್ಧನಿದ್ದಾನೆ, ಬಾಬಾಸಾಹೇಬರಿದ್ದಾರೆ. ಇಲ್ಲಿ ಕಟ್ಟೆಯ ಮೇಲೆ ಆ ಲೋಟವೂ ಇದೆ. ಅಂಥವರ ಮನೆಯಲ್ಲಿ ಎಲೆಯನ್ನೂ ತೊಳೆದುಕೊಳ್ಳುತ್ತಾರೆಂದರೆ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಮೈಯೆಲ್ಲ ಭಾರವಾದಂತಾಯಿತು, ಅಷ್ಟೇ.

ಅವತ್ತು ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಭಾನುವಾರ ರಜೆ. ಸೋಮವಾರ ಚನ್ನಬಸಮ್ಮ ತಾವೇ ಹತ್ತಿರ ಬಂದು, ಕೆಂಪು ಗಿಡದಲ್ಲಿ ಒಂದು ಚಿಗುರು ಬಂದಿದೆ ನೋಡು ಎಂದು ತೋರಿಸಿದರು. ಚಿಗುರಿನ ಬುಡದ ಎಲೆಯಲ್ಲಾಗಲೇ ಚುಕ್ಕೆಯಿತ್ತು. ಬಾಯಿಗೆ ಬಂದ ಮಾತನ್ನು ಅವನು ನುಂಗಿದ. ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದ ಮೇಲೆ ಕೇಳಿಸಿಕೊಳ್ಳದವನಂತೆ ಇರುವುದು ಆಗುವುದಿಲ್ಲ. ಎದ್ದು ಹೊರಡಬೇಕಾಗುತ್ತದೆ. ಹೊರಟು ಎಲ್ಲಿಗೆ? ಕೇಳದಿದ್ದರೂ ಅಕ್ಟೋಬರಿನ ಸೋಮವಾರ ಹೊರಡಬೇಕು. ಎರಡಕ್ಕೂ ಕೊನೆ ಒಂದೇ ಆಗಿದ್ದಾಗ ಕೆಲವು ದಿನ ತಡವಾಗಿ ಹೊರಡುವುದೇ ವಾಸಿ ಎಂದುಕೊಂಡ. ಹಾಗೆ ಆರು ದಿನ ಹೋದವು. ದಿನಕ್ಕೆ ಅರ್ಧ ಚೀಲ ಎಲೆ.

ಆರನೆಯ ಸಂಜೆ ಪಂಪಾವತಿಗೆ ಹೇಳಿದ. ಅವಳು ಕಳೆ ತೆಗೆದು ಬಂದು, ನೀರಿನಲ್ಲಿ ನೆನೆದು ಬಿಳುಚಿದ ಕಾಲುಗಳನ್ನು ಹೊಸ್ತಿಲ ಮೇಲೆ ಚಾಚಿ ಕೂತಿದ್ದಳು. ಪೂರ್ತಿ ಕೇಳಿದಳು. ಸಿಟ್ಟಾಗುತ್ತಾಳೆಂದು ಅವನು ಎಣಿಸಿದ್ದ, ಆಗಲಿಲ್ಲ.

“ಅದಕ್ಕ ತೊಳೀತಾರ ಅಂತ ಅವ್ರೇನರ ಅಂದ್ರಾ?”

“ಅನ್ನಬೇಕಾ?”

“ಅಂದಿಲ್ಲ ಅಂದ್ಮ್ಯಾಲೆ ನೀನಾ ಎಲ್ಲಾ ತಯಾರ್ ಮಾಡ್ಕೊಂಡು ಕುಂತೀದಿ.” ಅವಳು ಕಾಲಿನ ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಸವರುತ್ತ ಮುಂದುವರಿಸಿದಳು. “ಅದಕ್ಕಾ ತೊಳೀತಾರ ಅಂತ ತಿಳಕೋ. ತೊಳಕೊಳ್ಳಿ. ಮುಂಜಾನಿ ತೊಳಕೊಳ್ರಿ ಅನ್ನು. ಬಿಸಲಿಗೆ ಎಲಿ ಆರ್ತಾವ, ಅವರ ಮಡಿನೂ ಉಳೀತೈತಿ, ನಿನ್ನ ಕೆಲಸನೂ ಉಳೀತೈತಿ.”

ಮಾರೇಶನಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳು ನಗುತ್ತಿರಲಿಲ್ಲ.

“ನಾ ಹಾಸ್ಯ ಮಾಡಾಕತ್ತಿಲ್ಲ. ಕೇಳು ನಾಳೆ. ನಿನ್ನನ್ನ ಮತ್ತ ಬಳ್ಳಾರಿಗೆ ಹೊತ್ಕೊಂಡ್ ಹೋಗಾಕ ನನ್ನ ಕೈಯಾಗ ಆಗಂಗಿಲ್ಲ.”

ಮರುದಿನ ಹನ್ನೊಂದರ ಹೊತ್ತಿಗೆ ಚನ್ನಬಸಮ್ಮ ವರಾಂಡದ ಕುರ್ಚಿಯಲ್ಲಿ ಮೊರದ ತುಂಬ ಎಸಳು ಹರವಿಕೊಂಡು ಕೂತಿದ್ದರು. ಎಂದಿನ ಅರ್ಧದಷ್ಟೂ ಇರಲಿಲ್ಲ. ಮಾರೇಶ ಮೆಟ್ಟಿಲ ಕೆಳಗೆ ನಿಂತ. ಶುಕ್ರವಾರ ಬೇಗ ಬಂದದ್ದು, ಎಲೆ ಒದ್ದೆ ಇದ್ದದ್ದು, ಒಂಬತ್ತರವರೆಗೂ ಆರದಿದ್ದದ್ದು, ಗದ್ದೆಯ ನೆರಳಿನ ಮೂಲೆಯಲ್ಲಿ ಬೆಂಕಿರೋಗ ಬರುವ ರೀತಿ ಎಲ್ಲವನ್ನೂ ಹೇಳಿದ. ಹೇಳುವಾಗ ದನಿ ಏರದಂತೆ, ಇಳಿಯದಂತೆ ನೋಡಿಕೊಂಡ.

“ಸಂಜಿಗೆ ಎಲಿ ತೊಳೀತೀರಿ ಅಲ್ರಿ ಅಮ್ಮಾರ. ಯಾಕ್ರಿ?”

ಚನ್ನಬಸಮ್ಮ ಎಸಳಿನ ಮೇಲಿಂದ ಕೈ ತೆಗೆಯದೆ ಅವನತ್ತ ನೋಡಿದರು. ಇದೆಂಥ ಪ್ರಶ್ನೆ ಎಂಬಂತಿತ್ತು ಅವರ ಮುಖ.

“ಧೂಳಪ್ಪ. ಧೂಳು ಹೋಗ್ಲಿ ಅಂತ.”

ಅವರು ವಿವರಿಸಿದರು. ಬಳ್ಳಾರಿಯಲ್ಲಿ ಅವರ ಮನೆ ಹಲಕುಂದಿ ಕಡೆಗೆ ಹೋಗುವ ರಸ್ತೆಗೆ ಹತ್ತಿರ. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ವರ್ಷಗಳಲ್ಲಿ, ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನ ಹೆಸರು ಬರೆಯಬಹುದಿತ್ತಂತೆ. ಎಲೆಗಳ ಮೇಲೆ ಕೆಂಪು ಧೂಳು ಕೂತು ಬಣ್ಣವೇ ಕಾಣುತ್ತಿರಲಿಲ್ಲ. ಕಚೇರಿಯಿಂದ ಬಂದವರೇ ಸೀರೆ ಬದಲಿಸುವ ಮೊದಲು ಪೈಪು ಹಿಡಿದು ಗಿಡ ತೊಳೆಯುತ್ತಿದ್ದರು. ಅಲ್ಲಿನ ಒಣ ಗಾಳಿಗೆ ಅರ್ಧ ಗಂಟೆಯಲ್ಲಿ ಎಲೆ ಆರುತ್ತಿತ್ತು. ಇಪ್ಪತ್ತೆಂಟು ವರ್ಷ ಒಂದು ಸಂಜೆಯೂ ತಪ್ಪಿಸಿದ್ದಿಲ್ಲ. ತೊಳೆದದ್ದಕ್ಕೇ ಗಿಡ ಔಷಧಿಯಿಲ್ಲದೆ ಬದುಕಿದವು ಎಂದು ಅವರ ನಂಬಿಕೆ. ಸಿರುಗುಪ್ಪಕ್ಕೆ ಬಂದ ಮೇಲೆಯೂ ನಾಲ್ಕೂವರೆಗೆ ಕೈ ತಾನಾಗಿ ಪೈಪಿನ ಕಡೆ ಹೋಗುತ್ತಿತ್ತು. ರೋಗ ಬಂದ ಮೇಲಂತೂ ಎರಡೆರಡು ಸಲ ತೊಳೆದಿದ್ದಾರೆ.

“ಇಲ್ಲಿ ಧೂಳ ಎಲ್ಲೈತ್ರಿ ಅಮ್ಮಾರ?”

ಅವರು ಕಾಂಪೌಂಡಿನಾಚೆಗೆ ನೋಡಿದರು. ಭತ್ತ ಹಸಿರಾಗಿ, ನೀರಲ್ಲಿ ನಿಂತಿತ್ತು. ಎರಡು ವರ್ಷದಿಂದ ಅವರು ಇಲ್ಲದ ಧೂಳನ್ನು ತೊಳೆಯುತ್ತಿದ್ದರು. ಮೊರವನ್ನು ಪಕ್ಕದ ಸ್ಟೂಲಿನ ಮೇಲಿಟ್ಟರು.

“ನಾನಾ ಕೈಯಾರೆ ಕೊಂದ್ನೇನು ಹಂಗಾರ?”

ಇಲ್ಲ ಎನ್ನುವುದು ಮರ್ಯಾದೆ. ಮಾರೇಶ ಅನ್ನಲಿಲ್ಲ. ಕಡ್ಡಿಗಳು ಇನ್ನೂ ಹಸಿರಾಗಿವೆ, ಇವತ್ತಿನಿಂದ ಎಲೆಗೆ ನೀರು ಮುಟ್ಟಿಸುವುದು ಬೇಡ, ಬುಡಕ್ಕಷ್ಟೇ ಬೆಳಿಗ್ಗೆ ತಾನೇ ಹಾಕುತ್ತೇನೆ ಎಂದ.

“ಆತಪ್ಪ.” ಚನ್ನಬಸಮ್ಮ ಒಪ್ಪಿದರು. ನಂತರ ಏನೋ ಲೆಕ್ಕ ಹಾಕಿದವರಂತೆ ಕೇಳಿದರು. “ಶುಕ್ರವಾರನಾ ನೋಡೀದಿ. ಇವತ್ತು ಗುರುವಾರ. ಇಷ್ಟು ದಿನ ಯಾಕ ಕೇಳ್ಲಿಲ್ಲ?”

ಮಾರೇಶ ಮೊರದಲ್ಲಿದ್ದ ಎಸಳು ನೋಡುತ್ತಿದ್ದ.

“ಸುಮ್ಮನ ಇದ್ದೆರಿ.”

ಅವರಿಗೆ ಅರ್ಥವಾಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಒಳಗೆದ್ದು ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಅವರೇ ಚಹಾ ತಂದರು. ಕಟ್ಟೆಯ ಮೇಲಿನ ಅದೇ ಲೋಟದಲ್ಲಿ. ಮಾರೇಶ ಕುಡಿದು, ತೊಳೆದು, ಅದೇ ಜಾಗದಲ್ಲಿಟ್ಟ. ಮನಸ್ಸು ಹಗುರಾಗುತ್ತದೆಂದು ಅವನು ಸ್ವಲ್ಪ ಕಾದು ನೋಡಿದ. ಎಲೆಯ ವಿಷಯದಲ್ಲಿ ಅವನು ತಪ್ಪು ತಿಳಿದಿದ್ದ. ಲೋಟದ ವಿಷಯದಲ್ಲಿ ಅಲ್ಲ. ಆಯಬೇಕಾದ ಎಲೆ ಬಹಳವಿತ್ತು, ಹೋಗಿ ಕೂತ.

ಗಡುವಿಗೆ ಉಳಿದಿದ್ದು ಹದಿನೆಂಟು ದಿನ. ಆರು ದಿನವನ್ನು ತಾನೇ ತಿಂದುಹಾಕಿದ್ದು ಅವನಿಗೆ ಪದೇ ಪದೇ ನೆನಪಾಗುತ್ತಿತ್ತು. ಗಿಡದ ನಡುವೆ ಒಂದರ ಮೇಲೊಂದು ಹೊಸೆದುಕೊಂಡಿದ್ದ ಕಡ್ಡಿಗಳನ್ನು ಕತ್ತರಿಸಿ ಗಾಳಿ ಆಡುವಂತೆ ಮಾಡಿದ. ಚುಕ್ಕೆ ಇದ್ದ ಎಲೆಯನ್ನೆಲ್ಲ ಉದುರುವ ಮೊದಲೇ ಕಿತ್ತ. ನೆಲದ ಕೊಳೆ ಮೇಲಕ್ಕೆ ಸಿಡಿಯದಿರಲೆಂದು ಬುಡಕ್ಕೆ ನಾಲ್ಕು ಬೆರಳು ದಪ್ಪ ಭತ್ತದ ಹುಲ್ಲು ಹಾಸಿದ. ಮೊದಲ ಬಸ್ಸಿಗೇ ಬಂದು ಬುಡಕ್ಕೆ ಚೊಂಬಿನಲ್ಲಿ ನೀರು ಹೊಯ್ದ, ಪೈಪು ಮುಟ್ಟಲಿಲ್ಲ. ಸಂಜೆ ನಾಲ್ಕೂವರೆಗೆ ಚನ್ನಬಸಮ್ಮ ಏನು ಮಾಡಬೇಕೆಂದು ತಿಳಿಯದೆ ಗೇಟಿನವರೆಗೆ ಹೋಗಿ ಬರುತ್ತಾರೆ ಎಂದು ಮೀನಾಕ್ಷಿ ಒಮ್ಮೆ ಹೇಳಿದಳು.

ನಡುವೆ ಎರಡು ಸಲ ಮಳೆ ಹೊಡೆಯಿತು, ಎರಡೂ ಸಂಜೆಗೇ. ಮಾಡುವುದೇನೂ ಇರಲಿಲ್ಲ. ಹನ್ನೊಂದನೆಯ ದಿನ ಬೋಳು ಕಡ್ಡಿಗಳ ಗಿಣ್ಣಿನಲ್ಲಿ ಕೆಂಪು ಚಿಗುರು ಮೂಡಿತು.

ಅಕ್ಟೋಬರ್ ಎರಡನೇ ಸೋಮವಾರ ಬೆಳಿಗ್ಗೆ ಎಂಟಕ್ಕೆ ಓಬಣ್ಣ ಬಂದ. ಪಂಪನ್ನು ಗೇಟಿನ ಹೊರಗೇ ಇಳಿಸಿ, ಡಬ್ಬಿಯ ಮುಚ್ಚಳ ತೆಗೆಯದೆ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತ. ಮೀನಾಕ್ಷಿ ಕಾಲೇಜಿಗೆ ಹೋಗುವ ಸೀರೆಯಲ್ಲೇ ಸಾಲುಗಳ ನಡುವೆ ನಡೆದಳು. ಒಂದೊಂದು ಗಿಡದ ಕೆಳಗಿನ ಎಲೆ ತಿರುಗಿಸಿ ನೋಡಿದಳು. ಮಾರೇಶ ಎರಡು ಹೆಜ್ಜೆ ಹಿಂದೆ ಇದ್ದ. ನಡುಗುವ ಬೆರಳು ಕಾಣದಿರಲೆಂದು ಕೈಕಟ್ಟಿಕೊಂಡಿದ್ದ.

ನಾಟಿ ಗುಲಾಬಿ, ಕೆಂಪು, ತೆಳುಗೆಂಪು ಗಿಡಗಳ ಎಲೆ ಶುದ್ಧವಾಗಿದ್ದವು. ಅಲ್ಲೊಂದು ಇಲ್ಲೊಂದು ಚುಕ್ಕೆ ಇತ್ತು, ಲೆಕ್ಕಕ್ಕೆ ಹಿಡಿಯುವಂಥದೇನೂ ಅಲ್ಲ. ಕೊನೆಯ ಸಾಲಿನಲ್ಲಿದ್ದ ಹನ್ನೊಂದು ಹಳದಿ ಹೂವಿನ ಗಿಡಗಳ ಕಥೆ ಬೇರೆ. ಚಿಗುರು ಬಂದಿತ್ತು, ಚಿಗುರಿನ ಮೇಲೆ ಕಪ್ಪು ಚುಕ್ಕೆಯೂ ಬಂದಿತ್ತು. ಅವನಿಗದು ನಾಲ್ಕು ದಿನದ ಹಿಂದೆಯೇ ಗೊತ್ತಿತ್ತು. ಆ ಎಲೆಗಳನ್ನು ಕಿತ್ತು ಚೀಲಕ್ಕೆ ಹಾಕಿದ್ದರೆ ಇವತ್ತು ಕಾಣುತ್ತಿರಲಿಲ್ಲ. ಮೋಸವಾಗುತ್ತದೆಂದು ಕಿತ್ತಿರಲಿಲ್ಲ.

ಮೀನಾಕ್ಷಿ ನಿಟ್ಟುಸಿರು ಬಿಟ್ಟಳು. ಮೂವತ್ತು ಗಿಡ ಉಳಿಸಿದ್ದೀರಿ, ಅದು ತನಗೆ ಕಾಣುತ್ತದೆ ಎಂದಳು. ಈ ಹನ್ನೊಂದಕ್ಕಷ್ಟೇ ಹೊಡೆಸಿಬಿಡೋಣ, ಒಂದು ಮೂಲೆ ತಾನೇ ಎಂದು ಸೂಚಿಸಿದಳು. ಗೇಟಿನ ಹತ್ತಿರ ಓಬಣ್ಣ ಎದ್ದು ನಿಂತ.

“ಬ್ಯಾಡ್ರಿ ಅಕ್ಕಾರ.” ಮಾರೇಶ ಈ ಮಾತನ್ನು ನಾಲ್ಕು ದಿನದಿಂದ ಹೊತ್ತುಕೊಂಡು ತಿರುಗಿದ್ದ. “ಹಳದಿ ಗಿಡ ಈ ಥಂಡಿಗೆ ತಡಿಯಂಗಿಲ್ಲ. ಇವತ್ತು ಹೊಡದ್ರ ಹತ್ತು ದಿನಕ್ಕ ಮತ್ತ ಹೊಡೀಬೇಕು. ವರ್ಷಾ ವರ್ಷಾ ಕಾಲುವಿಗೆ ನೀರು ಬಿಟ್ಟಾಗೆಲ್ಲ ಹೊಡೀಬೇಕು. ಇವನ್ನ ಕಿತ್ತುಬಿಡ್ರಿ. ಇಲ್ಲಾ, ನಾ ಹೊಂಟೆ.”

ಮೀನಾಕ್ಷಿ ತಾಯಿಯ ಕಡೆ ತಿರುಗಿದಳು. ಹಳದಿ ಗಿಡಗಳು ಚನ್ನಬಸಮ್ಮನವರ ಬಳ್ಳಾರಿಯ ತೋಟದ ಮೊದಲ ಗಿಡಗಳು. ಅವುಗಳ ಮೇಲೆ ಅವರಿಗೆ ಜೀವ ಎಂಬುದು ಮೂವರಿಗೂ ಗೊತ್ತಿತ್ತು. ಅವರು ವರಾಂಡದಿಂದ ಇಳಿದು ಬಂದು ಸಾಲಿನ ಮುಂದೆ ನಿಂತರು. ಒಂದು ಎಲೆ ಕಿತ್ತು, ಕನ್ನಡಕ ಮೇಲೆತ್ತಿ ನೋಡಿದರು.

“ಕುರುಗೋಡಿನ್ಯಾಗ ಬದುಕ್ತಾವೇನು?”

ಅವರ ತಂಗಿಯ ಮನೆ ಕುರುಗೋಡಿನಲ್ಲಿ, ಬಂಡೆಗುಡ್ಡದ ಬುಡಕ್ಕೇ ಇತ್ತು. ಗುಡ್ಡ ಹಗಲೆಲ್ಲ ಕಾದು ಸಂಜೆಗೂ ಬಿಸಿ ಉಗುಳುವ ಜಾಗ, ಹತ್ತಿರ ಗದ್ದೆಯಿಲ್ಲ. ಮಾರೇಶ ಯೋಚಿಸಿ ಹೇಳಿದ. ಈಗ ಕಿತ್ತು ನೆಡುವ ಕಾಲವಲ್ಲ. ಕಡ್ಡಿ ಮೊಟಕು ಮಾಡಿ, ಬೇರಿನ ಮಣ್ಣು ಒಡೆಯದಂತೆ ಒಯ್ದರೂ ಅರ್ಧ ಬದುಕಬಹುದು. ಅರ್ಧ ಸಾಯಬಹುದು.

“ಇಲ್ಲಿದ್ರ ಎಲ್ಲಾ ಸಾಯ್ತಾವ” ಎಂದು ಚನ್ನಬಸಮ್ಮ ತಾವೇ ಹೇಳಿಕೊಂಡರು. ಆಮೇಲೆ ಮಗಳಿಗೆ, ಟೆಂಪೋದವನಿಗೆ ಫೋನು ಮಾಡು ಎಂದರು.

ಅಲ್ಲಿಗೆ ಪಂಪಿನ ಮಾತು ಮುಗಿಯಿತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೀನಾಕ್ಷಿ ಗೇಟಿಗೆ ಹೋಗಿ ಓಬಣ್ಣನಿಗೆ ಕೈಮುಗಿದು, ಬೇಡವಾಯಿತು, ಬಂದ ದಿನದ ಕೂಲಿ ಕೊಡುತ್ತೇನೆ ಎಂದಳು. ಓಬಣ್ಣ ಡಬ್ಬಿಯನ್ನು ಮಾರೇಶನ ಕಡೆಯ ಗಾಳಿಗೆ ಸಿಗದಂತೆ ದೂರದ ಮೂಲೆಯಲ್ಲಿಟ್ಟು, ಅಂಗಿಯ ತೋಳು ಮಡಚುತ್ತ ಒಳಗೆ ಬಂದ.

“ಸುಮ್ಮನ ಕೂಲಿ ತಗೊಂಡ್ರ ಊರಾಗ ನೀನಾ ಹೇಳ್ಕೊಂತ ಅಡ್ಡಾಡ್ತೀದಿ. ಸಲಿಕಿ ಎಲ್ಲೈತಿ ಹೇಳಲೇ.”

ಇಬ್ಬರೂ ಸಾಲಿನ ಎರಡು ತುದಿಯಿಂದ ಶುರು ಮಾಡಿದರು. ಗಿಡದಿಂದ ಒಂದು ಮೊಳ ದೂರದಲ್ಲಿ ಸುತ್ತ ಅಗೆದು, ಬೇರಿನ ಗಡ್ಡೆಯನ್ನು ಮಣ್ಣಿನ ಸಮೇತ ಎತ್ತಿ ಗೋಣಿಯಲ್ಲಿ ಬಿಗಿಯಬೇಕು. ಎರೆಮಣ್ಣು ಸಲಿಕೆಗೆ ಅಂಟಿಕೊಳ್ಳುತ್ತಿತ್ತು. ಎರಡು ಸಲ ಅಗೆದರೆ ಒಂದು ಸಲ ಕೆರೆಯಬೇಕು. ಚನ್ನಬಸಮ್ಮ ನೆರಳಿಗೆ ಹೋಗದೆ ಅಲ್ಲೇ ನಿಂತಿದ್ದರು. ನಾಲ್ಕನೆಯ ಗಿಡ ಎತ್ತುವಾಗ, ಇದೊಂದರಲ್ಲಿ ಚುಕ್ಕೆ ಕಡಿಮೆ ಇದೆಯಲ್ಲ, ಇದನ್ನು ಬಿಡಬಹುದೇ ಎಂದು ಕೇಳಿದರು. ಮಾರೇಶ ಬೆನ್ನು ನೆಟ್ಟಗೆ ಮಾಡಿ ಗಿಡ ನೋಡಿದ. ಚುಕ್ಕೆ ಕಡಿಮೆಯೇ ಇತ್ತು.

“ಬಿಡಾಕ ಬರಂಗಿಲ್ರಿ ಅಮ್ಮಾರ.”

ಅವರು ತಲೆಯಾಡಿಸಿ ಗೋಣಿಯ ಬಾಯಿ ಅಗಲಿಸಿ ಹಿಡಿದರು. ಮಧ್ಯಾಹ್ನಕ್ಕೆ ಟೆಂಪೋ ಬರುವುದಿತ್ತು. ಇನ್ನೂ ಏಳು ಗಿಡ ಉಳಿದಿದ್ದವು.